ಏನೂ ಆಗಲಿಲ್ಲವಲ್ಲ

ಚಕ್ರ ರನ್‌ವೇ ಮುಟ್ಟಿದ ಸದ್ದು ಕೇಳಿದ ಮೇಲೆಯೇ ನನ್ನ ಕೈ ಎಷ್ಟು ಬಿಗಿಯಾಗಿತ್ತು ಅಂತ ಗೊತ್ತಾಗಿದ್ದು. ಬೆರಳು ಬಿಡಿಸಿದರೆ ನೋವಾಯಿತು. ವಿಮಾನವನ್ನು ಅದರ ಜಾಗಕ್ಕೆ ತಂದು, ಇಂಜಿನ್ ನಿಲ್ಲಿಸಿ, ಕೆಳಗಿಳಿದು ರೆಕ್ಕೆಯ ಅಡಿಯಲ್ಲಿ ಸ್ವಲ್ಪ ಹೊತ್ತು ಸುಮ್ನೆ ನಿಂತೆ. ಸಣ್ಣಗೆ ಮಳೆ ಶುರುವಾಗಿತ್ತು.

ನಡೆದದ್ದು ಇಷ್ಟು. ವಾಪಸ್ ಬರುವ ದಾರಿಯಲ್ಲಿ ಮೋಡ ಕೆಳಗಿಳಿಯುತ್ತಾ ಬಂತು. ಹೊರಟಾಗ ನೆಲದಿಂದ 2,500 ಅಡಿ ಮೇಲಿದ್ದೆ. ಮೋಡದ ತಳ ಹತ್ತಿರವಾಯಿತು ಅಂತ 2,000ಕ್ಕೆ ಇಳಿದೆ. ಆಮೇಲೆ 1,600. ಆಮೇಲೆ 1,200. ಕೊನೆಯ ಹದಿನೈದು ಕಿಲೋಮೀಟರ್ ಬಂದದ್ದು 700 ಅಡಿಯಲ್ಲಿ. ಗಾಜಿನ ಮೇಲೆ ನೀರು, ಮುಂದೆ ಬರೀ ಬೂದು. ಪ್ರತಿ ಸಲ ಇಳಿದದ್ದು ಸ್ವಲ್ಪವೇ. ಪ್ರತಿ ಸಲವೂ ‘ಇನ್ನೇನು ಬಂದೇಬಿಟ್ಟಿತು’ ಅಂದುಕೊಂಡೆ. ನಾನು ಕಣ್ಣಿಗೆ ಕಾಣುವ ನೆಲ ಮತ್ತು ದಿಗಂತ ನೋಡಿಕೊಂಡು ಹಾರಿಸುವ ಪೈಲಟ್. ಮೋಡದೊಳಗೆ ಮೀಟರ್‌ಗಳನ್ನು ನಂಬಿ ಹಾರಿಸುವ ತರಬೇತಿ ನನಗಿಲ್ಲ, ಅದರ ಲೈಸೆನ್ಸೂ ಇಲ್ಲ.

ಹ್ಯಾಂಗರ್‌ನಲ್ಲಿ, ಅಂದರೆ ವಿಮಾನಗಳನ್ನು ಇಡುವ ಶೆಡ್‌ನಲ್ಲಿ, ಇದ್ದ ಗೆಳೆಯರು ಓಡಿ ಬಂದರು. ಒಬ್ಬ ಬೆನ್ನು ತಟ್ಟಿದ. "ಗಟ್ಟಿಗ ಕಣೋ ನೀನು" ಅಂದ. ಇನ್ನೊಬ್ಬ ನನ್ನ ಮುಖ ನೋಡಿ, "ಏನೂ ಆಗಲಿಲ್ಲವಲ್ಲ, ಬಿಡು" ಅಂದ. ಆ ಕ್ಷಣಕ್ಕೆ ಎರಡೂ ಮಾತು ಹಿತವಾಗಿದ್ದವು.

ನನಗೆ ಹಾರಿಸುವುದನ್ನು ಕಲಿಸಿದ ಇನ್‌ಸ್ಟ್ರಕ್ಟರ್ ಆಗ ಏನೂ ಹೇಳಲಿಲ್ಲ. ಎಲ್ಲರೂ ಹೋದ ಮೇಲೆ ಹತ್ತಿರ ಬಂದು ಒಂದೇ ಒಂದು ಪ್ರಶ್ನೆ ಕೇಳಿದರು. "ವಾಪಸ್ ತಿರುಗಿ ಹೋಗೋ ದಾರಿ ಎಷ್ಟು ಹೊತ್ತಿಗೆ ಮುಚ್ಚಿಕೊಂಡಿತು?"

ನನಗೆ ಗೊತ್ತಿರಲಿಲ್ಲ. ಅಷ್ಟೂ ಹೊತ್ತು ನಾನು ಒಂದು ಸಲವೂ ಹಿಂದಕ್ಕೆ ನೋಡಿರಲಿಲ್ಲ. ಮುಂದಿನ ಮೋಡದ ಮೇಲೇ ಕಣ್ಣಿಟ್ಟಿದ್ದೆ. ಹಿಂದೆ ಬಿಟ್ಟುಬಂದ ಬೆಳಕು ಇನ್ನೂ ಅಲ್ಲೇ ಇದೆಯಾ ಅಂತ ನೋಡಬೇಕು ಅಂತಲೇ ಹೊಳೆದಿರಲಿಲ್ಲ. "ಗೊತ್ತಿಲ್ಲ ಸರ್" ಅಂದೆ. ಅವರು ತಲೆಯಾಡಿಸಿ ಹೊರಟುಹೋದರು.

ಆ ಪ್ರಶ್ನೆ ಅವತ್ತಿನಿಂದ ನನ್ನ ಜೊತೆಯಲ್ಲೇ ಇದೆ. ಹವ್ಯಾಸಕ್ಕೆ ಹಾರುವವರು ಅಪಾಯದ ಬಗ್ಗೆ ಹೇಗೆ ಯೋಚಿಸುತ್ತೇವೆ, ಎಷ್ಟನ್ನು ಒಪ್ಪಿಕೊಳ್ಳುತ್ತೇವೆ, ಒಪ್ಪಿಕೊಂಡಿದ್ದೇವೆ ಅಂತ ನಮಗೆ ಗೊತ್ತಾದರೂ ಇರುತ್ತದಾ ಅನ್ನುವುದನ್ನು ಬರೆಯಬೇಕು ಅನ್ನಿಸಿದ್ದೂ ಅದರಿಂದಲೇ.

ಮೊದಲು ಮೋಡದ ವಿಷಯ ಮುಗಿಸಿಬಿಡುತ್ತೇನೆ. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ನಡೆಯಿತು. ಮೀಟರ್ ನೋಡಿ ಹಾರಿಸುವ ಅಭ್ಯಾಸವಿಲ್ಲದ 20 ಜನರನ್ನು, ಹೊರಗೆ ಏನೂ ಕಾಣದ ಹಾಗೆ ಮಾಡಿ, ವಿಮಾನ ಹಾರಿಸಲು ಬಿಟ್ಟರು. ಇಪ್ಪತ್ತು ಜನರೂ ವಿಮಾನದ ಹಿಡಿತ ಕಳೆದುಕೊಂಡರು. 19 ಜನ ಸುತ್ತುತ್ತಾ ಸುತ್ತುತ್ತಾ ಕೆಳಗಿಳಿಯುವ ಸುಳಿಗೆ ಸಿಕ್ಕಿದರು. ಸರಾಸರಿ ಹಿಡಿದ ಸಮಯ 178 ಸೆಕೆಂಡು. ಮೂರು ನಿಮಿಷವೂ ಇಲ್ಲ.

ಇದಕ್ಕೂ ಧೈರ್ಯಕ್ಕೂ ಸಂಬಂಧವಿಲ್ಲ. ನಮ್ಮ ಒಳಕಿವಿಯಲ್ಲಿ ದ್ರವ ತುಂಬಿದ ಕೊಳವೆಗಳಿವೆ. ತಿರುಗಿದಾಗ ಆ ದ್ರವ ಅಲುಗುತ್ತದೆ, ಅದರಿಂದ ನಾವು ತಿರುಗುತ್ತಿರುವುದು ಗೊತ್ತಾಗುತ್ತದೆ. ಆದರೆ ವಿಮಾನ ನಿಧಾನವಾಗಿ ವಾಲಿ ಒಂದೇ ಸಮನೆ ತಿರುಗುತ್ತಿದ್ದರೆ ಸ್ವಲ್ಪ ಹೊತ್ತಿಗೆ ದ್ರವವೂ ಅದೇ ವೇಗಕ್ಕೆ ಹೊಂದಿಕೊಂಡು ಸುಮ್ಮನಾಗುತ್ತದೆ. ಆಗ ಮೈಗೆ ನೆಟ್ಟಗೆ ಹೋಗುತ್ತಿದ್ದೇನೆ ಅನ್ನಿಸುತ್ತದೆ. ಮೂಗು ಕೆಳಗಾಗಿ ವೇಗ ಏರುತ್ತದೆ. ಪೈಲಟ್ ಗಾಬರಿಯಿಂದ ಕಂಟ್ರೋಲ್ ಹಿಂದಕ್ಕೆ ಎಳೆಯುತ್ತಾನೆ. ವಿಮಾನ ವಾಲಿಕೊಂಡೇ ಇರುವುದರಿಂದ ಆ ಎಳೆತ ಸುಳಿಯನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಎಳೆದಷ್ಟೂ ಕೆಳಗೆ. ಮೈ ಹೇಳುವುದು ಪೂರ್ತಿ ಸುಳ್ಳು, ಆದರೆ ಅಷ್ಟು ಖಚಿತವಾಗಿ ಹೇಳುತ್ತದೆ ಅಂದರೆ ನಂಬದೇ ಇರುವುದು ಕಷ್ಟ.

ನನಗೂ ಅದಕ್ಕೂ ಮಧ್ಯೆ ಅವತ್ತು ಇದ್ದದ್ದು ನೂರಿನ್ನೂರು ಅಡಿ ತಿಳಿಗಾಳಿ. ಈ ಪ್ರಯೋಗದ ಬಗ್ಗೆ ನಾನು ಮೊದಲೇ ಓದಿದ್ದೆ. ಬೇರೆಯವರಿಗೆ ಹೇಳಿಯೂ ಇದ್ದೆ. ಆದರೂ ಅಲ್ಲಿಗೆ ಹೋಗಿ ನಿಂತೆ.

ಹೇಗೆ ಹೋದೆ ಅನ್ನುವುದೇ ಮುಖ್ಯ. ‘ಇವತ್ತು 700 ಅಡಿಯಲ್ಲಿ, ಮಳೆಯಲ್ಲಿ, ಮೋಡಕ್ಕೆ ತಲೆ ತಾಗಿಸಿಕೊಂಡು ಹಾರುತ್ತೀಯಾ?’ ಅಂತ ಹೊರಡುವ ಮೊದಲು ಯಾರಾದರೂ ಕೇಳಿದ್ದರೆ ಖಂಡಿತ ಇಲ್ಲ ಅನ್ನುತ್ತಿದ್ದೆ. ಆ ಅಪಾಯವನ್ನು ನಾನು ಯಾವತ್ತೂ ಒಪ್ಪಿಕೊಂಡಿರಲಿಲ್ಲ. ಅದು ನಾಲ್ಕು ನೂರು, ಐನೂರು ಅಡಿಗಳ ತುಂಡುಗಳಾಗಿ ಒಳಗೆ ನುಸುಳಿ ಬಂತು. ಆದ್ದರಿಂದ ನಾನು ಈಗ ಅಪಾಯವನ್ನು ದೊಡ್ಡದು, ಚಿಕ್ಕದು ಅಂತ ವಿಂಗಡಿಸುವುದಕ್ಕಿಂತ ಜಾಸ್ತಿ ಹೀಗೆ ವಿಂಗಡಿಸುತ್ತೇನೆ: ನಾನು ಒಪ್ಪಿಕೊಂಡದ್ದು, ನುಸುಳಿ ಬಂದದ್ದು. ಹಾರುವುದರಲ್ಲಿ ಅಪಾಯ ಇದ್ದೇ ಇದೆ. ಒಪ್ಪಿಕೊಂಡ ಅಪಾಯದ ಜೊತೆ ಬದುಕಬಹುದು. ಇನ್ನೊಂದು ಬೇಡ.

ನಮ್ಮ ನಡುವೆ ಒಂದು ಮಾತು ತುಂಬ ಓಡಾಡುತ್ತದೆ. ವಿಮಾನ ಹಾರಿಸುವುದಕ್ಕಿಂತ ಏರ್‌ಫೀಲ್ಡ್‌ಗೆ ಕಾರಿನಲ್ಲಿ ಬರುವುದೇ ಜಾಸ್ತಿ ಅಪಾಯ ಅಂತ. ದೊಡ್ಡ ವಿಮಾನಗಳ ಮಟ್ಟಿಗೆ ಇದು ನಿಜ. ಅಲ್ಲಿ ಇಬ್ಬರು ಪೈಲಟ್‌ಗಳಿದ್ದಾರೆ, ಒಂದಕ್ಕಿಂತ ಹೆಚ್ಚು ಇಂಜಿನ್ ಇದೆ, ನೆಲದ ಮೇಲೆ ಅವರನ್ನು ಕಾಯುವ ದೊಡ್ಡ ವ್ಯವಸ್ಥೆಯೇ ಇದೆ. ಒಂದೇ ಇಂಜಿನ್, ಒಬ್ಬನೇ ಪೈಲಟ್, ವಾರಕ್ಕೋ ತಿಂಗಳಿಗೋ ಒಮ್ಮೆ ಹಾರುವ ನಾವು ಅವರ ಲೆಕ್ಕವನ್ನು ನಮ್ಮ ಮೈಮೇಲೆ ಹೊದ್ದುಕೊಂಡರೆ ಅದು ತಪ್ಪು. ಅಮೆರಿಕದಲ್ಲಿ ಸಣ್ಣ ವಿಮಾನಗಳ ಹಾರಾಟದಲ್ಲಿ, ಒಟ್ಟಾರೆ ನೋಡಿದರೆ, ಸುಮಾರು 1,00,000 ಗಂಟೆಗೆ ಒಂದರಂತೆ ಸಾವು ತರುವ ಅಪಘಾತ ಆಗುತ್ತದೆ. ಇದರಲ್ಲಿ ತರಬೇತಿಗೆ, ಕಂಪನಿ ಕೆಲಸಕ್ಕೆ ಹಾರುವುದೂ ಸೇರಿದೆ. ಬರೀ ಖುಷಿಗೆ ಹಾರುವವರದ್ದನ್ನು ಮಾತ್ರ ತೆಗೆದರೆ ಪ್ರಮಾಣ ಇದಕ್ಕಿಂತ ಹೆಚ್ಚು. ಗಂಟೆ ಲೆಕ್ಕದಲ್ಲಿ ನಾವು ಕಾರಿಗಿಂತ ಮೋಟಾರ್‌ಸೈಕಲ್‌ಗೆ ಹತ್ತಿರ.

ಈ ಲೆಕ್ಕವನ್ನು ಒಬ್ಬರ ಬದುಕಿಗೆ ಇಳಿಸಿ ನೋಡಿ. ವರ್ಷಕ್ಕೆ 50 ಗಂಟೆ ಹಾರಿದರೆ 20 ವರ್ಷಕ್ಕೆ 1,000 ಗಂಟೆ. ಆ ಒಟ್ಟಾರೆ ಪ್ರಮಾಣವನ್ನೇ ಹಿಡಿದರೂ ಅಂಥ ನೂರು ಜನರಲ್ಲಿ ಒಬ್ಬರ ವಿಮಾನ ಹಾಗೆ ಬೀಳುತ್ತದೆ.

ಈ ನೂರಕ್ಕೆ ಒಂದು ಅನ್ನುವುದನ್ನು ನಾನು ಮೊದಲ ಸಲ ಕಾಗದದ ಮೇಲೆ ಬರೆದಾಗ ಅಪಾಯಕ್ಕಿಂತ ಜಾಸ್ತಿ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಉಳಿದ 99 ಜನ ಏನು ಹೇಳುತ್ತಾರೆ? ‘ಇಪ್ಪತ್ತು ವರ್ಷದಿಂದ ಹಾರಿಸ್ತಿದ್ದೀನಿ, ನನಗೇನೂ ಆಗಿಲ್ಲ’ ಅನ್ನುತ್ತಾರೆ. ಅದು ನಿಜವೇ. ಅವರಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹಾರಿದವರೂ ಇದ್ದಾರೆ, ಟ್ಯಾಂಕ್ ನೋಡದೇ ಹೊರಟವರೂ ಇದ್ದಾರೆ. ಹಾರಿದ ಗಂಟೆಗಳನ್ನು ಬರೆದಿಡುವ ಲಾಗ್‌ಬುಕ್ ಇಬ್ಬರದ್ದೂ ಒಂದೇ ಥರ ಕಾಣುತ್ತದೆ.

ಬೇರೆ ಕೆಲಸ ಕಲಿಯುವಾಗ ತಪ್ಪೇ ಪಾಠ ಕಲಿಸುತ್ತದೆ. ಕೈ ಸುಟ್ಟರೆ ಮತ್ತೆ ಆ ಪಾತ್ರೆ ಹಾಗೆ ಮುಟ್ಟುವುದಿಲ್ಲ. ಹಾರುವುದರಲ್ಲಿ ಕೆಟ್ಟ ತೀರ್ಮಾನಕ್ಕೆ ಸಿಗುವುದು ಬಹಳ ಸಲ ಒಳ್ಳೆಯ ಫಲವೇ. ಇಂಧನ ಕಡಿಮೆ ಇದ್ದರೂ ಹೊರಡುತ್ತೇವೆ, ತಲುಪುತ್ತೇವೆ. ಮುಂದಿನ ಸಲ ಇನ್ನೂ ಸ್ವಲ್ಪ ಕಡಿಮೆ ಇದ್ದರೂ ಮನಸ್ಸಿಗೆ ಚುಚ್ಚುವುದಿಲ್ಲ. ಸಮಾಜಶಾಸ್ತ್ರಜ್ಞೆ ಡಯೇನ್ ವಾನ್ ಇದನ್ನು 1986ರ ಚಾಲೆಂಜರ್ ಬಾಹ್ಯಾಕಾಶ ನೌಕೆಯ ದುರಂತದಲ್ಲಿ ಗುರುತಿಸಿದರು. ರಾಕೆಟ್‌ನ ಜೋಡಣೆಗಳಲ್ಲಿದ್ದ ರಬ್ಬರ್ ಉಂಗುರಗಳು ಹಿಂದಿನ ಹಾರಾಟಗಳಲ್ಲೂ ಸವೆದು ಬಂದಿದ್ದವು, ಅದು ಎಂಜಿನಿಯರ್‌ಗಳಿಗೆ ಗೊತ್ತಿತ್ತು. ಪ್ರತಿ ಸಲ ನೌಕೆ ಸುರಕ್ಷಿತವಾಗಿ ಮರಳಿದಾಗಲೂ ಆ ಸವೆತ ಇನ್ನಷ್ಟು ಮಾಮೂಲಾಯಿತು. ಕೊನೆಗೆ ಜನವರಿ 28ರ ಚಳಿಯ ಬೆಳಿಗ್ಗೆ ಉಂಗುರ ಸೋತಿತು, ಏಳು ಜನ ಹೋದರು. ಅಲ್ಲಿದ್ದವರು ದಡ್ಡರೂ ಅಲ್ಲ, ಬೇಜವಾಬ್ದಾರಿಯವರೂ ಅಲ್ಲ. ‘ಏನೂ ಆಗಲಿಲ್ಲವಲ್ಲ’ ಅನ್ನುವುದನ್ನು ಅವರು ಸಾಕ್ಷಿ ಅಂತ ತಿಳಿದರು. ನಮ್ಮ ಹ್ಯಾಂಗರ್‌ಗಳಲ್ಲೂ ದಿನಾ ಇದೇ ನಡೆಯುತ್ತದೆ, ಇನ್ನೂ ಸಣ್ಣ ಪ್ರಮಾಣದಲ್ಲಿ.

ಹಾಡುಗಾರ ಜಾನ್ ಡೆನ್ವರ್ ಅವರ ಕೊನೆಯ ಹಾರಾಟ ನನ್ನನ್ನು ತುಂಬ ಕಾಡುತ್ತದೆ. ಅವರು 2,700ಕ್ಕೂ ಹೆಚ್ಚು ಗಂಟೆ ಹಾರಿದ್ದ ಅನುಭವಿ. 1997ರ ಅಕ್ಟೋಬರ್ 12ರಂದು ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ ಅವರ ವಿಮಾನ ಬಿತ್ತು. ಅದು ಲಾಂಗ್-ಈಝೀ ಅನ್ನುವ, ಹವ್ಯಾಸಿಗಳು ತಾವೇ ಕಟ್ಟಿಕೊಳ್ಳುವ ವಿನ್ಯಾಸದ ಸಣ್ಣ ವಿಮಾನ. ಕಟ್ಟಿದ್ದು ಬೇರೆಯವರು, ಡೆನ್ವರ್ ಅದನ್ನು ಹೊಸದಾಗಿ ಕೊಂಡಿದ್ದರು. ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಬದಲಿಸುವ ಇಂಧನದ ತಿರುಪು ಪೈಲಟ್‌ನ ಎಡ ಭುಜದ ಹಿಂದೆ ಇತ್ತು. ಮೂಲ ವಿನ್ಯಾಸದಲ್ಲಿ ಅದರ ಜಾಗ ಅದಲ್ಲ. ಅದನ್ನು ಮುಟ್ಟಬೇಕಾದರೆ ಇಡೀ ಮೈ ತಿರುಗಿಸಬೇಕು. ಹಾಗೆ ತಿರುಗಿದಾಗ ಬಲಗಾಲು ತಂತಾನೇ ರಡ್ಡರ್ ಪೆಡಲ್, ಅಂದರೆ ವಿಮಾನದ ಮೂಗನ್ನು ಪಕ್ಕಕ್ಕೆ ತಿರುಗಿಸುವ ಪೆಡಲ್, ಒತ್ತುತ್ತದೆ.

ಇದು ಹೊರಡುವ ಮೊದಲೇ ಗೊತ್ತಿತ್ತು ಅನ್ನುವುದೇ ಸಂಕಟ. ಅವರೂ ಒಬ್ಬ ಮೆಕ್ಯಾನಿಕ್ಕೂ ಸೇರಿ ಆ ತಿರುಪಿಗೆ ಇಕ್ಕಳ ಹಾಕಿ ಉದ್ದ ಮಾಡಿ ನೋಡಿದ್ದರು. ಆಗಲಿಲ್ಲ. ಇಂಧನದ ಮಟ್ಟ ತೋರಿಸುವ ಗಾಜೂ ಸೀಟಿನ ಹಿಂದೆ ಇತ್ತು. ಅದು ಕಾಣಲಿ ಅಂತ ಮೆಕ್ಯಾನಿಕ್ ಒಂದು ಕನ್ನಡಿ ಕೊಟ್ಟ. ಇಂಧನ ತುಂಬಿಸಲಾ ಅಂದರೆ, ಒಂದು ಗಂಟೆಯಷ್ಟೇ ಹಾರುವುದು, ಬೇಡ ಅಂದರು. ತಿರುಪು ಬದಲಿಸಬೇಕಾಗಿ ಬಂದರೆ ಆಟೋಪೈಲಟ್ ಹಾಕಿಕೊಂಡು ಬದಲಿಸುತ್ತೇನೆ ಅಂದರು. ತನಿಖೆ ಮಾಡಿದವರು ಕೊನೆಗೆ ಬರೆದದ್ದು ಇಷ್ಟು: ತಿರುಪು ತಿರುಗಿಸುವ ಪ್ರಯತ್ನದಲ್ಲಿ ಗಮನ ಹಾರಾಟದಿಂದ ಆಚೆ ಹೋಯಿತು, ಗೊತ್ತಿಲ್ಲದೇ ಬಲ ರಡ್ಡರ್ ಒತ್ತಿತು, ವಿಮಾನದ ಹಿಡಿತ ತಪ್ಪಿತು. ಇಂಧನ ತುಂಬಿಸದೇ ಹೊರಟದ್ದು, ತಿರುಪಿಟ್ಟ ಜಾಗ, ಹೊಸ ವಿಮಾನಕ್ಕೆ ಸಾಲದ ತರಬೇತಿ, ಇವೂ ಕಾರಣಗಳಲ್ಲಿ ಸೇರಿದವು.

ಇದನ್ನು ಓದಿ ‘ಎಂಥ ಹುಂಬತನ’ ಅನ್ನುವುದು ಸುಲಭ. ನನಗೆ ಹಾಗನ್ನಲು ಬಾಯಿ ಬರುವುದಿಲ್ಲ. ಇಕ್ಕಳ, ಕನ್ನಡಿ, ಆಟೋಪೈಲಟ್. ಒಂದೊಂದನ್ನೂ ಬಿಡಿಯಾಗಿ ನೋಡಿದರೆ ಒಂದು ತೊಂದರೆಗೆ ಒಂದು ಉಪಾಯ, ಅಷ್ಟೇ. ಯಾವುದೂ ‘ನಿಲ್ಲು’ ಅಂತ ಕೂಗುವುದಿಲ್ಲ. ಮೂರೂ ಒಟ್ಟಿಗೆ ಸೇರಿ ಒಂದೇ ಕಡೆ ಕೈ ತೋರಿಸುತ್ತಿದ್ದವು ಅಂತ ಕಾಣುವುದು ಆಮೇಲೆ, ದೂರದಲ್ಲಿ ನಿಂತು ನೋಡುವ ನಮಗೆ. ನಾನು 2,500 ಅಡಿಯಿಂದ 700ಕ್ಕೆ ಇಳಿದದ್ದೂ ಇದೇ ಥರ, ಅಲ್ವಾ?

ಈ ನುಸುಳುವಿಕೆಗೆ ಇನ್ನೊಂದು ಮಾಮೂಲಿ ಜಾಗ ಇದೆ. ತನ್ನವರ ಮನೆ ಮೇಲೆ ತಗ್ಗಿನಲ್ಲಿ ಸುತ್ತುವುದು. ಕೆಳಗಿನಿಂದ ಕೈ ಬೀಸುತ್ತಾರೆ. ಅವರನ್ನು ನೋಡುತ್ತಲೇ ಇರಬೇಕು ಅಂತ ಇನ್ನೂ ಸ್ವಲ್ಪ ವಾಲಿಸುತ್ತೇವೆ. ಎತ್ತರ ಬಿಡದೆ 60 ಡಿಗ್ರಿ ವಾಲಿ ತಿರುಗಿದರೆ ರೆಕ್ಕೆ ಹೊರಬೇಕಾದ ಭಾರ ಎರಡರಷ್ಟಾಗುತ್ತದೆ. ಸ್ಟಾಲ್ ಆಗುವ ವೇಗ, ಅಂದರೆ ರೆಕ್ಕೆ ಎತ್ತುವುದನ್ನು ಬಿಟ್ಟುಬಿಡುವ ವೇಗ, ಶೇಕಡ 41ರಷ್ಟು ಮೇಲೇರುತ್ತದೆ. ನೆಟ್ಟಗೆ ಹಾರುವಾಗ 50 ನಾಟ್‌ನಲ್ಲಿ ಸ್ಟಾಲ್ ಆಗುವ ವಿಮಾನ ಆಗ 70ರಲ್ಲೇ ಸ್ಟಾಲ್ ಆಗುತ್ತದೆ. ಅಷ್ಟು ತಗ್ಗಿನಲ್ಲಿ ಸರಿಪಡಿಸಿಕೊಳ್ಳಲು ಕೆಳಗೆ ಜಾಗವೇ ಇರುವುದಿಲ್ಲ. ಲೈಸೆನ್ಸ್ ಪರೀಕ್ಷೆಯಲ್ಲಿ ಇದನ್ನು ಎಲ್ಲರೂ ಬರೆದು ಪಾಸಾಗಿರುತ್ತೇವೆ. ಕೆಳಗೆ ನಿಂತು ಕೈ ಬೀಸುವುದು ನಮ್ಮವರಾದಾಗ ಅದು ನೆನಪಾಗುವುದಿಲ್ಲ.

ಅಮೆರಿಕದ ವಿಮಾನಯಾನ ಇಲಾಖೆ ಪೈಲಟ್‌ಗಳಿಗೆ ಐದು ಅಪಾಯಕಾರಿ ಮನೋಭಾವಗಳ ಬಗ್ಗೆ ಕಲಿಸುತ್ತದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ‘ನನಗೆ ಹೇಳೋಕೆ ನೀವ್ಯಾರು’, ‘ಏನಾದರೂ ಮಾಡು, ಬೇಗ ಮಾಡು’, ‘ನನಗೇನೂ ಆಗಲ್ಲ’, ‘ನೋಡ್ತಿರಿ, ಮಾಡಿ ತೋರಿಸ್ತೀನಿ’, ‘ಇನ್ನು ನನ್ನ ಕೈಲೇನಿದೆ’. ಮೊದಲ ನಾಲ್ಕನ್ನು ಬೇರೆಯವರಲ್ಲಿ ಬೇಗ ಗುರುತಿಸುತ್ತೇವೆ. ನನಗೆ ಜಾಸ್ತಿ ಭಯ ಕೊನೆಯದರ ಬಗ್ಗೆ. ‘ಹೋಗೋ ಟೈಮ್ ಬಂದರೆ ಮನೇಲಿ ಮಲಗಿದ್ದರೂ ಹೋಗ್ತೀವಿ’ ಅಂತ ಹೇಳಿದವರನ್ನು ಯಾರೂ ಪುಕ್ಕಲ ಅನ್ನುವುದಿಲ್ಲ, ಭಂಡ ಅಂತಲೂ ಅನ್ನುವುದಿಲ್ಲ. ಬದುಕು ಕಂಡವರು ಅನ್ನುತ್ತಾರೆ. ಆದರೆ ಸಣ್ಣ ವಿಮಾನಗಳ ಅಪಘಾತಗಳಲ್ಲಿ ಮುಕ್ಕಾಲು ಭಾಗದಷ್ಟಕ್ಕೆ ಪೈಲಟ್‌ನ ತೀರ್ಮಾನವೋ ಕೈತಪ್ಪೋ ಕಾರಣವಾಗಿರುತ್ತದೆ. ಇಂಧನ ಮುಗಿಯುವುದು ಹಣೆಬರಹ ಅಲ್ಲ. ಟ್ಯಾಂಕಿನ ಮುಚ್ಚಳ ತೆಗೆದು ಕಡ್ಡಿ ಇಳಿಸಿ ನೋಡಿದರೆ ಎಷ್ಟಿದೆ ಅಂತ ಕಾಣುತ್ತದೆ.

ಇದುವರೆಗೆ ಪೈಲಟ್ ಒಬ್ಬನೇ ಇದ್ದಾನೆ ಅನ್ನುವ ಹಾಗೆ ಬರೆದೆ. ಹಾಗಿಲ್ಲ. ಪಕ್ಕದ ಸೀಟಿನಲ್ಲಿ ಒಬ್ಬರು ಕೂತಿರುತ್ತಾರೆ, ಮನೆಯಲ್ಲಿ ಒಬ್ಬರು ಕಾಯುತ್ತಿರುತ್ತಾರೆ.

ವಿಮಾನ ಬರುವ ಮುಂಚೆಯೇ ಹಾರಲು ಹೊರಟ ಜರ್ಮನಿಯ ಒಟ್ಟೋ ಲಿಲಿಯೆಂಟಾಲ್ ಸುಮಾರು 2,000 ಸಲ ತಮ್ಮ ಇಂಜಿನ್ ಇಲ್ಲದ ಗ್ಲೈಡರ್‌ಗಳಲ್ಲಿ ಗುಡ್ಡದಿಂದ ತೇಲಿದರು. 1896ರ ಆಗಸ್ಟ್‌ನಲ್ಲಿ ಬಿದ್ದು ಬೆನ್ನುಮೂಳೆ ಮುರಿದು, ಮರುದಿನ ತೀರಿಕೊಂಡರು. ಅವರ ಸಾವಿನ ಸುದ್ದಿಯಿಂದಲೇ ರೈಟ್ ಸಹೋದರರ ಆಸಕ್ತಿ ಮತ್ತೆ ಚಿಗುರಿತು. ಆ ಸಹೋದರರು ಅಪಾಯವನ್ನು ನಡೆಸಿಕೊಂಡ ರೀತಿ ನನಗೆ ತುಂಬ ಇಷ್ಟ. ಇಂಜಿನ್ ಜೋಡಿಸುವ ಮೊದಲು 1902ರಲ್ಲಿ ಕಿಟ್ಟಿ ಹಾಕ್‌ನ ಮರಳುದಿಬ್ಬಗಳ ಮೇಲೆ ನೂರಾರು ಸಲ ಬರೀ ತೇಲಿದರು. ತಗ್ಗಿನಲ್ಲಿ, ಎದುರುಗಾಳಿಯಲ್ಲಿ, ಬಿದ್ದರೆ ಮರಳಿನ ಮೇಲೆ. ಅಷ್ಟೇ ಅಲ್ಲ, ಇಬ್ಬರೂ ಒಟ್ಟಿಗೆ ಹಾರುವುದಿಲ್ಲ ಅಂತ ತಂದೆಗೆ ಮಾತು ಕೊಟ್ಟಿದ್ದರು. ಒಂದೇ ಅಪಘಾತದಲ್ಲಿ ಇಬ್ಬರು ಮಕ್ಕಳೂ ಹೋಗಬಾರದು, ಶುರು ಮಾಡಿದ ಕೆಲಸ ಮುಂದುವರಿಸಲು ಒಬ್ಬನಾದರೂ ಉಳಿಯಬೇಕು. 1910ರ ಮೇ 25ರಂದು ಮಾತ್ರ ತಂದೆಯ ಒಪ್ಪಿಗೆ ಪಡೆದು ಒಂದೇ ಒಂದು ಸಲ ಇಬ್ಬರೂ ಜೊತೆಯಲ್ಲಿ ಹಾರಿದರು. ಅದೇ ದಿನ ಆರ್ವಿಲ್ 81 ವರ್ಷದ ಆ ತಂದೆಯನ್ನೂ ಕೂರಿಸಿಕೊಂಡು ಸುಮಾರು 7 ನಿಮಿಷ ಹಾರಿಸಿದರು.

ಆ ಮಾತು ಕೊಟ್ಟದ್ದರಲ್ಲಿ ಹಾರುವುದೇ ಬೇಡ ಅನ್ನುವ ಹೆದರಿಕೆ ಇಲ್ಲ, ಏನೂ ಆಗುವುದಿಲ್ಲ ಅನ್ನುವ ಭರವಸೆಯೂ ಇಲ್ಲ. ಏನಾಗಬಹುದು ಅನ್ನುವುದನ್ನು ಮನೆಯಲ್ಲಿ ಕೂತು ಬಾಯಿಬಿಟ್ಟು ಮಾತಾಡಿದ್ದರು. ಇಷ್ಟು ಒಪ್ಪಿಗೆ, ಇದರಾಚೆ ಇಲ್ಲ ಅಂತ ಗೆರೆ ಹಾಕಿಕೊಂಡಿದ್ದರು.

ಪಕ್ಕದ ಸೀಟಿನವರ ಕಥೆ ಬೇರೆ. 1908ರ ಸೆಪ್ಟೆಂಬರ್ 17ರಂದು ಇದೇ ಆರ್ವಿಲ್ ಜೊತೆ ಹಾರಿದ ಲೆಫ್ಟಿನೆಂಟ್ ಥಾಮಸ್ ಸೆಲ್‌ಫ್ರಿಜ್ ವಿಮಾನ ಅಪಘಾತದಲ್ಲಿ ಸತ್ತ ಮೊದಲ ಪ್ರಯಾಣಿಕ. ಅವರಿಗೆ ಹಾರುವ ಯಂತ್ರಗಳ ಬಗ್ಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಜೊತೆ ಕೂರುವವರಿಗೆ ಗೊತ್ತಿರುವುದಿಲ್ಲ. 1999ರ ಜುಲೈ 16ರ ರಾತ್ರಿ ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯವರ ಮಗ ಜಾನ್ ಎಫ್. ಕೆನಡಿ ಜೂನಿಯರ್ ತಮ್ಮ ಹೆಂಡತಿಯನ್ನೂ ಆಕೆಯ ಅಕ್ಕನನ್ನೂ ಕೂರಿಸಿಕೊಂಡು ಸಮುದ್ರದ ಮೇಲೆ, ಮಬ್ಬಿನಲ್ಲಿ, ದಿಗಂತ ಕಾಣದ ಕತ್ತಲಲ್ಲಿ ಹೋದರು. ನಾನು ಮೇಲೆ ಬರೆದ ಒಳಕಿವಿಯ ಮೋಸವೇ ಅಲ್ಲೂ ನಡೆಯಿತು ಅಂತ ತನಿಖೆ ಹೇಳಿತು. ಮೂವರೂ ಹೋದರು. ಹಿಂದಿನ ಸೀಟಿನಲ್ಲಿ ಕೂತವರು ಆ ರಾತ್ರಿಯ ಮಬ್ಬು ಅಂದರೆ ಏನು ಅಂತ ಹೇಗೆ ಅಳೆಯಬೇಕಿತ್ತು? ಅವರು ನಂಬಿದ್ದು ಹವಾಮಾನವನ್ನಲ್ಲ, ಹಾರಿಸುವವರನ್ನು.

ಇದನ್ನು ಯೋಚಿಸಿದಾಗ ‘ನನ್ನ ಜೀವ, ನನ್ನ ಇಷ್ಟ’ ಅನ್ನುವ ಮಾತು ನನ್ನ ಬಾಯಲ್ಲಿ ನಿಲ್ಲುವುದಿಲ್ಲ. ಈಗ ಯಾರನ್ನಾದರೂ ಮೊದಲ ಸಲ ಕರೆದೊಯ್ಯುವಾಗ ನೇರವಾಗಿ ಹೇಳುತ್ತೇನೆ. ಇದು ದೊಡ್ಡ ವಿಮಾನದಷ್ಟು ಸುರಕ್ಷಿತ ಅಲ್ಲ. ಇಂಜಿನ್ ನಿಂತರೆ ಹೊಲದಲ್ಲೋ ಬಯಲಲ್ಲೋ ಇಳಿಸಬೇಕಾಗುತ್ತದೆ, ಅದಕ್ಕೆ ಅಭ್ಯಾಸ ಮಾಡಿದ್ದೇನೆ. ನಿಮಗೆ ಯಾವ ಕ್ಷಣದಲ್ಲಿ ಬೇಡ ಅನ್ನಿಸಿದರೂ ಹೇಳಿ, ಕಾರಣ ಕೇಳುವುದಿಲ್ಲ, ವಾಪಸ್ ಬರುತ್ತೇನೆ. ಕೆಲವರು ಕೇಳಿ ನಗುತ್ತಾರೆ. ಒಬ್ಬರು ಮಾತ್ರ ಬೇಡ ಅಂದು ಕೆಳಗಿಳಿದರು. ಅವರ ಬಗ್ಗೆ ನನಗೆ ತುಂಬ ಗೌರವ ಇದೆ.

ಸಾಧನಗಳು ನಮ್ಮನ್ನು ಉಳಿಸುವುದಿಲ್ಲವಾ ಅಂತ ಕೇಳಬಹುದು. ಉಳಿಸುತ್ತವೆ. ಸಿರಸ್ ಕಂಪನಿಯ ಸಣ್ಣ ವಿಮಾನಗಳಲ್ಲಿ ಇಡೀ ವಿಮಾನವನ್ನೇ ಇಳಿಸುವ ಪ್ಯಾರಾಚೂಟ್ ಇದೆ. 200ಕ್ಕೂ ಹೆಚ್ಚು ಜನ ಅದರಿಂದ ಬದುಕಿದ್ದಾರೆ. ಆದರೆ ಅದು ಬಂದ ಮೊದಲ ವರ್ಷಗಳಲ್ಲಿ ಆ ವಿಮಾನಗಳ ಸಾವಿನ ಲೆಕ್ಕ ಅಂದುಕೊಂಡಷ್ಟು ಇಳಿಯಲಿಲ್ಲ. ಹಿಡಿ ಎಳೆದಿದ್ದರೆ ಬದುಕುತ್ತಿದ್ದ ಜನ ಎಳೆಯದೇ ಹೋದರು, ಇಲ್ಲವೇ ತೀರಾ ತಡವಾಗಿ ಎಳೆದರು. ಆಮೇಲೆ ತರಬೇತಿ ಬದಲಾಯಿತು. ‘ಯಾವಾಗ ಎಳೆಯುತ್ತೇನೆ’ ಅನ್ನುವುದನ್ನು ನೆಲದ ಮೇಲೇ ತೀರ್ಮಾನಿಸಿ, ಮತ್ತೆ ಮತ್ತೆ ಅಭ್ಯಾಸ ಮಾಡಿಸಲು ಶುರು ಮಾಡಿದರು. ಸಾವು ಕಡಿಮೆಯಾಯಿತು. ಪ್ಯಾರಾಚೂಟ್ ಅದೇ. ಬದಲಾದದ್ದು ಹಿಡಿ ಎಳೆಯುವ ಕೈಗೆ ಸಿಕ್ಕ ಅನುಮತಿ.

ಎಳೆಯದೇ ಹೋದವರ ಮನಸ್ಸಿನಲ್ಲಿ ಏನಿತ್ತು ಅಂತ ಯಾರಿಗೂ ಹೇಳಲಾಗದು. ನನ್ನ ಮನಸ್ಸಿನಲ್ಲಿ ಏನಿರುತ್ತಿತ್ತು ಅಂತ ನನಗೆ ಗೊತ್ತು. ನಾಚಿಕೆ. ಜನ ಏನಂತಾರೆ. ವಿಮಾನ ಹಾಳು ಮಾಡಿಬಿಟ್ಟೆ ಅಂತಾರೆ.

ಈ ವಿಷಯದಲ್ಲಿ ಗ್ಲೈಡರ್‌ನವರನ್ನು ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. ಅವರಿಗೆ ಇಂಜಿನ್ ಇಲ್ಲ, ಏರುಗಾಳಿ ಸಿಗದಿದ್ದರೆ ಯಾವುದೋ ಹೊಲದಲ್ಲಿ ಇಳಿಯಬೇಕು. ಇಳಿಯುತ್ತಾರೆ. ಫೋನ್ ಮಾಡುತ್ತಾರೆ. ಗೆಳೆಯರು ಟ್ರೇಲರ್ ಎಳೆದುಕೊಂಡು ಬಂದು, ರೆಕ್ಕೆ ಬಿಚ್ಚಿ, ತುಂಬಿಕೊಂಡು ಹೋಗುತ್ತಾರೆ. ಯಾರಿಗೂ ಅವಮಾನ ಇಲ್ಲ, ಅದು ಆಟದ ಒಂದು ಭಾಗ. ಹಾಗಾಗಿ ಎತ್ತರ ಇನ್ನೂ ಕೈಯಲ್ಲಿರುವಾಗಲೇ ಹೊಲ ಆರಿಸುತ್ತಾರೆ. ಇಂಜಿನ್ ಇರುವ ನಾವು ಹವಾಮಾನ ಕೆಟ್ಟಿತು ಅಂತ ದಾರಿಯ ಮಧ್ಯೆ ಇನ್ನೊಂದು ಏರ್‌ಫೀಲ್ಡ್‌ನಲ್ಲಿ ಇಳಿದರೂ ಸೋತವರ ಥರ ಮುಖ ಮಾಡುತ್ತೇವೆ. ಅವತ್ತು ನನ್ನ ದಾರಿಯ ಪಕ್ಕದಲ್ಲೇ ಒಂದು ಏರ್‌ಫೀಲ್ಡ್ ಇತ್ತು. ನಾನು ಅದನ್ನು 1,600 ಅಡಿಯಿಂದ ನೋಡಿದ್ದೆ. ದಾಟಿ ಬಂದೆ.

ಅದಕ್ಕೇ ಹ್ಯಾಂಗರ್‌ನಲ್ಲಿ ನಾವು ಆಡುವ ಮಾತು ಮುಖ್ಯ ಅನ್ನುತ್ತೇನೆ. 1974ರ ಡಿಸೆಂಬರ್ 1ರಂದು ವಾಷಿಂಗ್ಟನ್ ಹತ್ತಿರ ಒಂದು ದೊಡ್ಡ ವಿಮಾನ ಬೇಗ ಕೆಳಗಿಳಿದು ಗುಡ್ಡಕ್ಕೆ ಬಡಿದು 92 ಜನ ಸತ್ತರು. ಆರು ವಾರ ಮುಂಚೆ ಇನ್ನೊಂದು ಕಂಪನಿಯ ವಿಮಾನ ಅದೇ ಜಾಗದಲ್ಲಿ ಅದೇ ತಪ್ಪು ಮಾಡಿ, ಸ್ವಲ್ಪದರಲ್ಲಿ ಉಳಿದುಕೊಂಡಿತ್ತು. ಆ ಕಂಪನಿ ತನ್ನ ಪೈಲಟ್‌ಗಳಿಗೆ ಎಚ್ಚರಿಕೆ ಕೊಟ್ಟಿತು. ಬೇರೆಯವರಿಗೆ ಸುದ್ದಿ ತಲುಪಲೇ ಇಲ್ಲ. 1976ರಲ್ಲಿ ನಾಸಾ ನಡೆಸುವ ಒಂದು ವ್ಯವಸ್ಥೆ ಶುರುವಾದದ್ದು ಇಂಥದ್ದಕ್ಕಾಗಿಯೇ. ತಪ್ಪು ಮಾಡಿದವರೇ ಅದನ್ನು ಬರೆದು ಕಳಿಸಬಹುದು, ಹೆಸರು ಹೊರಗೆ ಬರುವುದಿಲ್ಲ. ಸಣ್ಣ ವಿಮಾನದವರೂ ಬರೆಯಬಹುದು, ಬರೆಯುತ್ತಾರೆ.

‘ಸ್ವಲ್ಪದರಲ್ಲಿ ಉಳಿದೆ’ ಅನ್ನುವುದನ್ನು ನಾವು ಎರಡು ರೀತಿ ಹೇಳಬಹುದು. ಸಾಹಸದ ಕಥೆಯಾಗಿ ಹೇಳಿದರೆ ಕೇಳುವ ಹೊಸ ಹುಡುಗನಿಗೆ ತಾನೂ ಹಾಗೆ ಮಾಡಬೇಕು ಅನ್ನಿಸುತ್ತದೆ. ಇನ್ನೊಂದು ರೀತಿ, ಎಷ್ಟು ಅಡಿ, ಎಷ್ಟು ಹೊತ್ತು, ಎಲ್ಲಿ ತಿರುಗಬಹುದಿತ್ತು, ಯಾಕೆ ತಿರುಗಲಿಲ್ಲ ಅಂತ ಬಿಡಿಸಿ ಹೇಳುವುದು. ಆ ಮಳೆಯ ಹಾರಾಟದ ಮುಂದಿನ ವಾರ ಈ ಎರಡನೆಯ ರೀತಿಯಲ್ಲಿ ನನ್ನ ಕಥೆಯನ್ನು ಎಲ್ಲರ ಮುಂದೆ ಹೇಳಿದೆ. ಪಕ್ಕದ ಏರ್‌ಫೀಲ್ಡ್ ನೋಡಿಯೂ ದಾಟಿ ಬಂದೆ ಅನ್ನುವಾಗ ಗಂಟಲು ಕಟ್ಟಿತು. ಬೆನ್ನು ತಟ್ಟಿದ್ದ ಗೆಳೆಯ ತಲೆ ತಗ್ಗಿಸಿ ಕೂತಿದ್ದ. ಆಮೇಲೆ ಅವನೂ ಒಂದು ಹೇಳಿದ. ಆ ಸಂಜೆ ಆರು ಜನ ಆರು ಕಥೆ ಹೇಳಿದರು. ಒಂದನ್ನೂ ನಾನು ಮೊದಲು ಕೇಳಿರಲಿಲ್ಲ, ವರ್ಷಗಟ್ಟಲೆ ಜೊತೆಯಲ್ಲಿ ಹಾರಿದವರು ನಾವು.

ಈಗ ನಾನು ಹೊರಡುವ ಮೊದಲು ಮಂಡಿಗೆ ಕಟ್ಟಿಕೊಳ್ಳುವ ಪ್ಯಾಡ್ ಮೇಲೆ ಎರಡು ಅಂಕಿ ಬರೆಯುತ್ತೇನೆ. ಒಂದು ಎತ್ತರ. 1,500 ಅಡಿ. ಅದರ ಕೆಳಗೆ ಮೋಡ ನನ್ನನ್ನು ತಳ್ಳಿದರೆ ಯೋಚನೆ ಇಲ್ಲ, ತಿರುಗುವುದೇ. ಇನ್ನೊಂದು ಗಡಿಯಾರದ ಹೊತ್ತು. ಅಷ್ಟು ಹೊತ್ತಿಗೆ ಎಲ್ಲೇ ಇದ್ದರೂ ಇಳಿಯುವ ದಾರಿ ಹಿಡಿದಿರಬೇಕು. ಅಮೆರಿಕದ ನಿಯಮದಲ್ಲಿ ಹಗಲು ಹಾರುವಾಗ ತಲುಪಿದ ಮೇಲೂ 30 ನಿಮಿಷಕ್ಕೆ, ರಾತ್ರಿಯಾದರೆ 45 ನಿಮಿಷಕ್ಕೆ ಸಾಕಾಗುವ ಇಂಧನ ಉಳಿಯುವ ಹಾಗಿರಬೇಕು. ನಾನು ಒಂದು ಗಂಟೆ ಇಟ್ಟುಕೊಳ್ಳುತ್ತೇನೆ. ನೆಲದ ಮೇಲೆ ನಿಂತು, ತಲೆ ತಣ್ಣಗಿರುವಾಗ ಬರೆದ ಅಂಕಿಗಳು ಇವು. ಮೇಲೆ ಹೋದ ಮೇಲೆ ಇವನ್ನು ತಿದ್ದುವ ಹಕ್ಕು ನನಗಿಲ್ಲ. ಮತ್ತೆ, ಹತ್ತು ನಿಮಿಷಕ್ಕೊಮ್ಮೆ ಹಿಂದಕ್ಕೆ ತಿರುಗಿ ನೋಡುತ್ತೇನೆ.

ಮೊನ್ನೆ ನಾವು ಐದು ವಿಮಾನಗಳಲ್ಲಿ ಒಟ್ಟಿಗೆ ಹೊರಟೆವು. ನನ್ನ ಪಕ್ಕದಲ್ಲಿ ಗೆಳೆಯನ ಮಗಳು, ಹದಿನಾರು ವರ್ಷ, ಎರಡನೇ ಸಲ ಹಾರುತ್ತಿದ್ದಳು. ನಲವತ್ತು ನಿಮಿಷಕ್ಕೆ ಮೋಡ ಇಳಿಯಿತು. 1,500 ಬಂತು. ರೇಡಿಯೋದಲ್ಲಿ ತಿರುಗುತ್ತಿದ್ದೇನೆ ಅಂದೆ. ಉಳಿದ ನಾಲ್ವರು ಮುಂದೆ ಹೋದರು. "ಅಂಕಲ್, ಅವರೆಲ್ಲ ಹೋಗ್ತಿದ್ದಾರಲ್ಲಾ?" ಅಂದಳು. "ಹೌದಮ್ಮಾ. ನಾವು ವಾಪಸ್ ಹೋಗ್ತಿದ್ದೀವಿ" ಅಂದೆ. ಪ್ಯಾಡ್ ತೋರಿಸಿದೆ. ಅಂಕಿಯನ್ನು ಹೊರಡುವ ಮೊದಲು ಅವಳ ಕೈಯಲ್ಲೇ ಬರೆಸಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅವಳೇ ಕುತ್ತಿಗೆ ತಿರುಗಿಸಿ ಹಿಂದೆ ನೋಡಿ, "ಆ ಕಡೆ ಪೂರ್ತಿ ಬೂದು ಆಗ್ತಿದೆ" ಅಂದಳು.

ಇಳಿದು, ವಿಮಾನಕ್ಕೆ ಹಗ್ಗ ಬಿಗಿದು, ಅವಳನ್ನು ಅವರಮ್ಮನ ಜೊತೆ ಕಳಿಸಿದ ಮೇಲೂ ನಾನು ಮನೆಗೆ ಹೋಗಲಿಲ್ಲ. ಹ್ಯಾಂಗರ್ ಮುಂದೆ ಕೂತೆ. ಎರಡು ಗಂಟೆ ಆದ ಮೇಲೆ ಒಂದು ಬಂತು. ಆಮೇಲೆ ಇನ್ನೊಂದು. ನಾಲ್ಕನೆಯದರ ಸದ್ದು ಕೇಳುವವರೆಗೂ ಎಣಿಸುತ್ತಾ ಕೂತಿದ್ದೆ.